ನೀರು ಟ್ಯಾಂಕಿನಲ್ಲಿ ಚೆನ್ನಾಗಿತ್ತು

ಶಿಬಿರಕ್ಕೆ ಹೋದ ಮೊದಲ ದಿನ ನಾನು ಮಾಡಿದ್ದು ಎಣಿಕೆ. ಕೈಗೆ ಕೊಟ್ಟ ಪಟ್ಟಿಯಲ್ಲಿ 4,200 ಜನ ಎಂದಿತ್ತು. ಅದನ್ನು ಮಾಡಿ ಒಂಬತ್ತು ದಿನ ಆಗಿತ್ತು. ಆಮೇಲೂ ಪ್ರತಿ ರಾತ್ರಿ ಜನ ಬರುತ್ತಲೇ ಇದ್ದರು. ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು, ಸಾಲು ಹಿಡಿದು ನಡೆದು ಗುಡಾರಗಳನ್ನು ಎಣಿಸಿದೆ. ಹತ್ತು ಗುಡಾರಕ್ಕೊಮ್ಮೆ ನಿಂತು, ರಾತ್ರಿ ಒಳಗೆ ಎಷ್ಟು ಜನ ಮಲಗುತ್ತೀರಿ ಅಂತ ಕೇಳಿದೆ. ಸಂಜೆ ಹೊತ್ತಿಗೆ ಲೆಕ್ಕ 6,000ದ ಹತ್ತಿರ ಬಂತು. ಆ ದಿನ ಟ್ಯಾಂಕರ್‌ಗಳು ತಂದ ನೀರು 40,000 ಲೀಟರ್. ಒಬ್ಬರಿಗೆ ಏಳು ಲೀಟರ್ ಕೂಡ ಬರಲಿಲ್ಲ.

ಯುದ್ಧ ನಡೆಯುವ ಕಡೆಗಳಲ್ಲಿ ನಾನು ಮಾಡುವುದು ನೀರಿನ ಕೆಲಸ. ಮನೆ ಬಿಟ್ಟು ಓಡಿಬಂದವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ನೀರು ತಲುಪಿಸಬೇಕು. ಜೊತೆಗೆ ಕಕ್ಕಸು, ಚರಂಡಿ, ಕಸ. ಈ ಶಿಬಿರ ಯಾವ ದೇಶದಲ್ಲಿತ್ತು ಅಂತ ನಾನು ಬರೆಯುವುದಿಲ್ಲ. ನಮ್ಮ ಜೊತೆ ಕೆಲಸ ಮಾಡಿದವರು ಇನ್ನೂ ಅಲ್ಲೇ ಇದ್ದಾರೆ. ಯಾರು ಯಾರ ಜೊತೆ ಮಾತಾಡಿದರು, ಯಾರು ಯಾರನ್ನು ಕರೆದುಕೊಂಡು ಎಲ್ಲಿಗೆ ಹೋದರು ಎಂಬ ವಿಷಯ ಅಲ್ಲಿ ಇವತ್ತಿಗೂ ಜೀವಕ್ಕೆ ಕುತ್ತು ತರಬಹುದು.

ನಮ್ಮ ಕೆಲಸಕ್ಕೆ ಒಂದು ಅಳತೆಗೋಲು ಇದೆ. ಸ್ಫಿಯರ್ ಎಂಬ ಕೈಪಿಡಿ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ. ಗುಡಾರದಿಂದ ನಲ್ಲಿಗೆ 500 ಮೀಟರಿಗಿಂತ ಜಾಸ್ತಿ ದೂರ ಇರಬಾರದು. ಸಾಲಿನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಿಸಬಾರದು. ಈ ಅಂಕಿಗಳನ್ನು ಸುಮ್ನೆ ಯಾರೋ ಕೂತು ಬರೆದದ್ದಲ್ಲ. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಗಟ್ಟಲೆ ಜನ ಗಡಿ ದಾಟಿ, ಈಗಿನ ಕಾಂಗೋ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಸೇರಿದರು. ನೆಲ ಪೂರ್ತಿ ಜ್ವಾಲಾಮುಖಿಯ ಬಂಡೆ. ಕಕ್ಕಸಿಗೆ ಗುಂಡಿ ತೋಡಲಾಗಲಿಲ್ಲ, ಹೆಣ ಹೂಳುವುದಕ್ಕೂ ಆಗಲಿಲ್ಲ. ಕುಡಿಯಲು ಹತ್ತಿರ ಇದ್ದದ್ದು ಕಿವು ಸರೋವರದ ನೀರು. ಕಾಲರಾ ಮತ್ತು ರಕ್ತಭೇದಿಯಿಂದ ಮೊದಲ ಒಂದು ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ಅಲ್ಲಿ ಎಷ್ಟೋ ನೆರವು ಸಂಸ್ಥೆಗಳು ಇದ್ದವು. ಆದರೆ ಇಷ್ಟಕ್ಕಿಂತ ಕಡಿಮೆ ಕೊಟ್ಟರೆ ಅದನ್ನು ನೆರವು ಅನ್ನಬಾರದು ಎಂದು ಎಲ್ಲರೂ ಒಪ್ಪಿದ ಒಂದು ಗೆರೆ ಇರಲಿಲ್ಲ. ಆ ನೋವಿನ ನಂತರ, 1997ರಲ್ಲಿ, ಸ್ಫಿಯರ್ ಕೆಲಸ ಶುರುವಾಯಿತು. ಕೈಪಿಡಿ ತೆರೆದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಮೊದಲ ಮೂರು ವಾರ ನಾವು ಆ 15ರ ಹಿಂದೆ ಓಡಿದೆವು. 6,000 ಜನಕ್ಕೆ ದಿನಕ್ಕೆ 90,000 ಲೀಟರ್ ಬೇಕು. 24 ನಲ್ಲಿ ಬೇಕು. ಆರು ಆರು ನಲ್ಲಿಯ ನಾಲ್ಕು ಕಟ್ಟೆ ಮಾಡಿ, ಶಿಬಿರದ ನಾಲ್ಕು ಮೂಲೆಗೆ ಹಂಚಿದೆವು. ಕಟ್ಟೆ ಎಲ್ಲಿ ಬರಬೇಕು ಅಂತ ನಾನು ನಕ್ಷೆಯಲ್ಲಿ ಗುರುತು ಹಾಕಿದ್ದೆ. ಅಲ್ಲಿನ ಹೆಂಗಸರು ನಡೆದು ನೋಡಿ ಎರಡನ್ನು ಬದಲಾಯಿಸಿದರು. ಒಂದು ಜಾಗ ಸೈನಿಕರ ತಪಾಸಣಾ ಕಟ್ಟೆಗೆ ಎದುರಾಗಿತ್ತು. ಇನ್ನೊಂದಕ್ಕೆ ಹೋಗುವ ದಾರಿ ಸಂಜೆ ಆದ ಮೇಲೆ ಕತ್ತಲು. ದೂರ 400 ಮೀಟರ್ ಇದ್ದರೂ ಆ ದಾರಿಯಲ್ಲಿ ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ. ಕಕ್ಕಸುಗಳ ವಿಷಯದಲ್ಲೂ ಹೀಗೇ ಆಯಿತು. ಮೊದಲು 50 ಜನಕ್ಕೊಂದರಂತೆ, ಆಮೇಲೆ 20 ಜನಕ್ಕೊಂದರಂತೆ ಕಟ್ಟುವುದು ನಿಯಮ. ಒಳಗಿನಿಂದ ಚಿಲಕ ಇಲ್ಲದ ಕಕ್ಕಸು ಲೆಕ್ಕಕ್ಕೆ ಬರುತ್ತದೆ, ಬಳಕೆಗೆ ಬರುವುದಿಲ್ಲ.

ನೀರು ಬರುತ್ತಿದ್ದದ್ದು ನದಿಯಿಂದ. ಟ್ಯಾಂಕರ್‌ಗಳು 14 ಕಿಲೋಮೀಟರ್ ದೂರದಿಂದ ಕೆಂಪು ನೀರು ಹೊತ್ತು ತರುತ್ತಿದ್ದವು. ಅದನ್ನು ಶುದ್ಧ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಎಡವುವುದು ಇಲ್ಲೇ.

ಉಕ್ಕಿನ ತಗಡನ್ನು ಬೋಲ್ಟ್ ಹಾಕಿ ಜೋಡಿಸಿ, ಒಳಗೆ ರಬ್ಬರ್ ಹಾಳೆ ಹಾಸುವ ಟ್ಯಾಂಕ್ ಬರುತ್ತದೆ. ಒಂದರಲ್ಲಿ 95,000 ಲೀಟರ್ ಹಿಡಿಯುತ್ತದೆ. ಅಂಥ ಎರಡು ನಿಲ್ಲಿಸಿದೆವು. ಒಂದು ಮಣ್ಣು ಇಳಿಸಲು, ಇನ್ನೊಂದು ಕ್ಲೋರಿನ್ ಹಾಕಲು. ಮಣ್ಣು ಇಳಿಸಲು ಬೇಕಾದದ್ದು ಪಟಿಕ. ಎಷ್ಟು ಹಾಕಬೇಕು ಅನ್ನುವುದು ನೀರು ನೀರಿಗೂ ಬೇರೆ. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಬೇಕು. ಆರು ಪಾರದರ್ಶಕ ಬಾಟಲಿಗಳಲ್ಲಿ ಒಂದೊಂದು ಲೀಟರ್ ನದಿ ನೀರು ತೆಗೆದುಕೊಂಡು, ಆ ದ್ರಾವಣವನ್ನು 2, 4, 6, 8, 10, 12 ಮಿಲಿಲೀಟರ್ ಹಾಕಬೇಕು. ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಹತ್ತು ನಿಮಿಷ ನಿಧಾನವಾಗಿ ತಿರುಗಿಸಿ, ಅರ್ಧ ಗಂಟೆ ಬಿಡಬೇಕು. ಹತ್ತಿಯ ಎಸಳಿನಂತೆ ಮಣ್ಣು ಗಂಟುಕಟ್ಟಿ ಕೆಳಗೆ ಕೂರುತ್ತದೆ. ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ಯಾವ ಬಾಟಲಿ ತಿಳಿಯಾಯಿತೋ ಅದೇ ಅಳತೆ. ನಮಗೆ ಆರು ಮಿಲಿಲೀಟರ್ ಸಾಕಾಯಿತು. ಅಂದರೆ ಲೀಟರಿಗೆ 60 ಮಿಲಿಗ್ರಾಂ, ಇಡೀ ಟ್ಯಾಂಕಿಗೆ 5.7 ಕಿಲೋ. ಮಳೆ ಬಂದ ಮರುದಿನ ಅದೇ ನದಿಗೆ ಇದರ ದುಪ್ಪಟ್ಟು ಬೇಕಾಯಿತು. ಹಾಗಾಗಿ ಈ ಪರೀಕ್ಷೆ ಒಂದು ಸಲ ಮಾಡಿ ಬಿಡುವಂಥದ್ದಲ್ಲ.

ಆಮೇಲೆ ಕ್ಲೋರಿನ್. ಶೇಕಡಾ 70 ತೀಕ್ಷ್ಣತೆಯ ಪುಡಿಯಾದರೆ, ಒಂದು ಲೀಟರ್ ನೀರಿಗೆ 15 ಗ್ರಾಂ ಹಾಕಿದರೆ ಸುಮಾರು ಶೇಕಡಾ ಒಂದರ ದ್ರಾವಣ ಸಿಗುತ್ತದೆ. ಅದರ ಎರಡು ಲೀಟರ್ ಅನ್ನು 10,000 ಲೀಟರ್ ನೀರಿಗೆ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ. ಇದರಲ್ಲಿ ಒಂದಿಷ್ಟನ್ನು ನೀರಿನಲ್ಲಿರುವ ಕೊಳೆಯೇ ತಿಂದುಬಿಡುತ್ತದೆ. ಅರ್ಧ ಗಂಟೆ ಕಾದು, ಉಳಿದದ್ದು ಎಷ್ಟು ಅಂತ ನೋಡಬೇಕು. ಚಿಕ್ಕ ಪೆಟ್ಟಿಗೆಯಲ್ಲಿ ನೀರು ತುಂಬಿ ಒಂದು ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ನಲ್ಲಿಯಲ್ಲಿ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಕೈಪಿಡಿ. ನಮ್ಮ ನಾಲ್ಕೂ ಕಟ್ಟೆಯಲ್ಲಿ ದಿನಾ 0.5 ತೋರಿಸುತ್ತಿತ್ತು. ಮಣ್ಣು ತುಂಬಿದ ನೀರಿಗೆ ಕ್ಲೋರಿನ್ ಹಾಕಿ ಹೆಚ್ಚು ಪ್ರಯೋಜನವಿಲ್ಲ, ಅದಕ್ಕೇ ಮೊದಲು ಪಟಿಕ. ಈ ಎರಡರ ಕ್ರಮ ತಪ್ಪಿಸಿದ್ದನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ.

ಮೂರನೇ ವಾರದ ಕೊನೆಗೆ, ಒಬ್ಬರಿಗೆ ದಿನಕ್ಕೆ ಸರಾಸರಿ 15 ಲೀಟರ್ ಮುಟ್ಟಿತು. ವರದಿಯಲ್ಲಿ ಅದನ್ನು ಬರೆದು ಕಳಿಸಿದೆ. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ನಾಲ್ಕನೇ ವಾರ ಶಿಬಿರದ ದವಾಖಾನೆಯ ನರ್ಸ್ ತಮ್ಮ ರಿಜಿಸ್ಟರ್ ಹಿಡಿದುಕೊಂಡು ನನ್ನ ಗುಡಾರಕ್ಕೇ ಬಂದರು. ವಾಂತಿಭೇದಿ ಎಂದು ಬಂದ ಮಕ್ಕಳ ಹೆಸರು ಒಂದು ಪುಟದಿಂದ ಮೂರು ಪುಟಕ್ಕೆ ಹೋಗಿತ್ತು. "ನಿಮ್ಮ ನೀರನ್ನು ನೋಡಿ ಸರ್," ಅಂದರು. ನಾನು ಪರೀಕ್ಷೆಯ ಪುಸ್ತಕ ತೆಗೆದು ತೋರಿಸಿದೆ. ಇಪ್ಪತ್ತು ದಿನದ ಲೆಕ್ಕ, ಎಲ್ಲ ಕಡೆ 0.5. ಅವರು ಅದನ್ನು ಸಮಾಧಾನವಾಗಿ ಓದಿದರು. ಆಮೇಲೆ ಕೇಳಿದರು: "ಇದು ನಲ್ಲಿಯದ್ದು. ಮಕ್ಕಳು ಕುಡಿಯುವುದು ನಲ್ಲಿಯಿಂದಲಾ?"

ನಾನು ಗಂಡಸು. ಅಲ್ಲಿ ಗುಡಾರದ ಒಳಗೆ ಹೋಗುವಂತಿರಲಿಲ್ಲ. ಹೊರಗೆ ನಿಂತು ಮಾತಾಡಿ ಬರುತ್ತಿದ್ದೆ. ಒಳಗೆ ನೀರು ಎಲ್ಲಿದೆ, ಯಾವುದರಲ್ಲಿದೆ, ಎಷ್ಟು ದಿನದ್ದು ಅಂತ ನಾಲ್ಕು ವಾರದಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ. ಇದನ್ನು ಬರೆಯುವಾಗಲೂ ಮನಸ್ಸಿಗೆ ಚುಚ್ಚುತ್ತದೆ. ನೋಡಲು ಬೇರೆಯವರನ್ನು ಕಳಿಸಬಹುದಿತ್ತು. ಹೊಳೆಯಲಿಲ್ಲ.

ಶಿಬಿರದ ಹೆಂಗಸರಲ್ಲೇ ಎಂಟು ಜನ ಮುಂದೆ ಬಂದರು. ಒಬ್ಬರು ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಇಬ್ಬರು ಓದುತ್ತಿದ್ದ ಹುಡುಗಿಯರು, ಉಳಿದವರು ಮನೆ ನೋಡಿಕೊಳ್ಳುತ್ತಿದ್ದವರು. ಪರೀಕ್ಷೆ ಪೆಟ್ಟಿಗೆ ಬಳಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತರು. ನಾನು 40 ಗುಡಾರ ಆರಿಸಿ ಕೊಟ್ಟೆ. ಪ್ರತಿ ಗುಡಾರದಲ್ಲಿ ಎರಡು ಪ್ರಶ್ನೆ: ಈಗ ಕುಡಿಯಲು ಯಾವ ನೀರು ತೆಗೆದುಕೊಳ್ಳುತ್ತೀರಿ? ಅದು ತುಂಬಿದ್ದು ಯಾವಾಗ? ಆ ನೀರನ್ನೇ ಪರೀಕ್ಷೆ ಮಾಡಬೇಕು, ನಲ್ಲಿಯಿಂದ ಈಗ ತಂದದ್ದನ್ನಲ್ಲ.

40ರಲ್ಲಿ 31 ಗುಡಾರದ ನೀರಿನಲ್ಲಿ ಬಣ್ಣವೇ ಬರಲಿಲ್ಲ. ಸೊನ್ನೆ.

ಪಾತ್ರೆಗಳ ಮೇಲೆ ನನಗೆ ಮೊದಲು ಅನುಮಾನ ಬಂತು. ಅದು ಸುಳ್ಳೂ ಅಲ್ಲ. ಎಣ್ಣೆ ಬಂದ ಡಬ್ಬದ ಬಾಯಿ ಕೊಯ್ದು ಬಕೆಟ್ ಮಾಡಿಕೊಂಡಿದ್ದರು. ಅಗಲ ಬಾಯಿ, ಮುಚ್ಚಳ ಇಲ್ಲ, ಮಗು ಲೋಟದ ಜೊತೆ ಕೈಯನ್ನೂ ಮುಳುಗಿಸುತ್ತದೆ. ಕ್ಯಾನ್‌ಗಳ ಒಳಗೆ ಹಸಿರು ಪಾಚಿಯ ಪದರ. ಆ ಪದರವೇ ಕ್ಲೋರಿನ್ ಅನ್ನು ಎಳೆದುಕೊಳ್ಳುತ್ತದೆ. ಈ ವಿಷಯ ಹೊಸದೇನಲ್ಲ. 1993ರಲ್ಲಿ ಮಲಾವಿಯ ಒಂದು ಶಿಬಿರದಲ್ಲಿ, ಮೊಜಾಂಬಿಕ್‌ನಿಂದ ಬಂದ ನಿರಾಶ್ರಿತರಿಗೆ ಕೈ ಹೋಗದಂಥ ಮುಚ್ಚಳ ಮತ್ತು ನೀರು ಸುರಿಯಲು ಮೂತಿ ಇರುವ ಬಕೆಟ್ ಕೊಟ್ಟು ನೋಡಿದ್ದರು. ಆ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಭೇದಿ ಶೇಕಡಾ 31ರಷ್ಟು ಕಡಿಮೆ ಇತ್ತು. ನೀರು ಅದೇ, ನಲ್ಲಿ ಅದೇ, ಬಕೆಟ್ ಮಾತ್ರ ಬೇರೆ.

ಆದರೆ ಎರಡನೇ ಪ್ರಶ್ನೆಯ ಉತ್ತರ ನನ್ನನ್ನು ಹೆಚ್ಚು ಕಾಡಿತು. ಕುಡಿಯುತ್ತಿದ್ದ ನೀರು ಎಷ್ಟೋ ಕಡೆ ಎರಡು ದಿನದ್ದು, ಮೂರು ದಿನದ್ದು. ನಲ್ಲಿಯಲ್ಲಿ ಅವತ್ತಿನ ನೀರು ಇದ್ದಾಗಲೂ ಹಳೆಯದನ್ನೇ ಕುಡಿಯುತ್ತಿದ್ದರು. ಯಾಕೆ ಅಂತ ತಿಳಿಯಲಿಲ್ಲ. ಎರಡನೇ ಸಾಲಿನಲ್ಲಿ ಒಬ್ಬ ಅಜ್ಜಿ ಮೂರು ಮೊಮ್ಮಕ್ಕಳ ಜೊತೆ ಇದ್ದರು. ಮಕ್ಕಳ ಅಪ್ಪ ಅಮ್ಮ ದಾರಿಯಲ್ಲಿ ಬೇರೆಯಾಗಿದ್ದರು. ಅವರ ಗುಡಾರದ ಬಾಗಿಲಲ್ಲಿ ಕೂತು, ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದೆ.

"ಅಜ್ಜಿ, ಇವತ್ತು ತಂದ ನೀರು ಯಾಕೆ ಹಾಗೇ ಇಟ್ಟಿದ್ದೀರಿ?"

ಅವರು ಒಳಗೆ ಸಾಲಾಗಿ ಇಟ್ಟ ಐದು ಕ್ಯಾನ್ ತೋರಿಸಿದರು. "ಮಗಾ, ಇದು ಇವತ್ತಿನದು, ಅದು ನಿನ್ನೆಯದು, ಆ ಕೊನೆಯದು ಮೂರು ದಿನದ್ದು. ಹಳೆಯದು ಮೊದಲು ಖಾಲಿ ಮಾಡುತ್ತೇವೆ. ಹೊಸದು ಗುಂಡು ಹಾರುವ ದಿನಕ್ಕೆ. ಅವತ್ತು ನಿನ್ನ ಲಾರಿ ಬರುತ್ತಾ?"

ಬರುತ್ತಿರಲಿಲ್ಲ. ಅದೇ ನಿಜ. ನನ್ನ 15 ಲೀಟರ್ ಸರಾಸರಿ ಆಗಿತ್ತು. ನದಿಗೂ ಶಿಬಿರಕ್ಕೂ ನಡುವೆ ಮೂರು ತಪಾಸಣಾ ಕಟ್ಟೆಗಳಿದ್ದವು. ಒಂದು ದಿನ ಟ್ಯಾಂಕರ್ ಸಲೀಸಾಗಿ ಬಂದು 1,40,000 ಲೀಟರ್ ಸುರಿದುಹೋಗುತ್ತಿತ್ತು. ಮರುದಿನ ದಾರಿ ಮುಚ್ಚಿ 30,000. ಇನ್ನೊಂದು ದಿನ ಏನೂ ಇಲ್ಲ. ವಾರದ ಕೊನೆಗೆ ಕೂಡಿ ಭಾಗಿಸಿದರೆ ಲೆಕ್ಕ ಸರಿಯಾಗುತ್ತಿತ್ತು. ಆ ಜನರಿಗೆ ಮುತ್ತಿಗೆ ಹಾಕಿದ ಊರಿನಲ್ಲಿ ವಾರಗಟ್ಟಲೆ ನೀರಿಲ್ಲದೆ ಇದ್ದು ಗೊತ್ತಿತ್ತು. ಸಿಕ್ಕಾಗ ತುಂಬಿಡಬೇಕು, ಹಳೆಯದನ್ನು ಮೊದಲು ಕುಡಿಯಬೇಕು ಅಂತ ಯುದ್ಧ ಕಲಿಸಿತ್ತು. ಅದೇ ಬುದ್ಧಿ ಅವರನ್ನು ಅಲ್ಲಿವರೆಗೆ ಉಳಿಸಿತ್ತು. ಶುದ್ಧ ಮಾಡಿದ ನೀರು ಬಿಸಿಲಿಗೆ ಕಾದ ಗುಡಾರದಲ್ಲಿ ಮೂರು ದಿನ ಕೂತರೆ ಕ್ಲೋರಿನ್ ಎಲ್ಲಿ ಉಳಿಯುತ್ತದೆ? ನೀರು ಟ್ಯಾಂಕಿನಲ್ಲಿ ಚೆನ್ನಾಗಿಯೇ ಇತ್ತು.

ತಕ್ಷಣಕ್ಕೆ ಮಾಡಬಹುದಾದದ್ದನ್ನು ಒಂದೇ ವಾರದಲ್ಲಿ ಮಾಡಿದೆವು. ನಲ್ಲಿಯ ಬಳಿ ಕ್ಲೋರಿನ್ ಅನ್ನು 0.5ರಿಂದ 1 ಮಿಲಿಗ್ರಾಂಗೆ ಏರಿಸಿದೆವು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮೇಲಿನ ಮಿತಿ 5, ಹಾಗಾಗಿ ಆರೋಗ್ಯಕ್ಕೆ ತೊಂದರೆ ಇಲ್ಲ. ವಾಸನೆ ಮಾತ್ರ ಬರುತ್ತದೆ. "ಔಷಧಿ ಹಾಕಿ ನಮ್ಮನ್ನು ಬಂಜೆ ಮಾಡುತ್ತಿದ್ದಾರೆ" ಎಂಬ ಮಾತು ಎರಡೇ ದಿನಕ್ಕೆ ಹಬ್ಬಿತು. ಆ ಎಂಟು ಜನ ಹೆಂಗಸರು ಪ್ರತಿ ಕಟ್ಟೆಯ ಬಳಿ ನಿಂತು, ಮೊದಲ ಲೋಟ ತಾವು ಕುಡಿದು, ತಮ್ಮ ಮಕ್ಕಳಿಗೂ ಕುಡಿಸಿ ತೋರಿಸಿದರು. ನಾನು ಮೈಕ್ ಹಿಡಿದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಕ್ಯಾನ್ ತೊಳೆಯಲು ಕಟ್ಟೆಯ ಪಕ್ಕ ಒಂದು ಜಾಗ ಮಾಡಿದೆವು. ಸಣ್ಣ ಜಲ್ಲಿಕಲ್ಲು, ಸ್ವಲ್ಪ ಕ್ಲೋರಿನ್ ನೀರು ಹಾಕಿ ಗಲಗಲ ಅಲ್ಲಾಡಿಸಿದರೆ ಪಾಚಿ ಬಿಟ್ಟುಬರುತ್ತದೆ. ಮುಚ್ಚಳ ಮತ್ತು ನಲ್ಲಿ ಇರುವ ಬಕೆಟ್ ಬರಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಬಂದ ಮೊದಲ ಕಂತನ್ನು ಐದು ವರ್ಷದೊಳಗಿನ ಮಕ್ಕಳಿರುವ ಗುಡಾರಗಳಿಗೆ ಕೊಟ್ಟೆವು.

ಭೇದಿ ಇಳಿಯಿತು. ಆದರೂ ಹಳೆಯ ನೀರು ಕುಡಿಯುವುದು ನಿಲ್ಲಲಿಲ್ಲ. ನಾಳೆ ನೀರು ಬರುತ್ತದೆ ಎಂಬ ನಂಬಿಕೆ ಬಕೆಟ್‌ನಿಂದ ಬರುವುದಿಲ್ಲ ಅಲ್ವಾ?

ಶಿಬಿರದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಪಟ್ಟಣದ ಹಳೆಯ ದೊಡ್ಡ ಪೈಪ್‌ಲೈನ್ ಹಾದುಹೋಗಿತ್ತು. ಅದಕ್ಕೆ ನೀರು ತಳ್ಳುತ್ತಿದ್ದ ಪಂಪ್‌ಹೌಸ್ ಎರಡು ಪಡೆಗಳ ನಡುವಿನ ಖಾಲಿ ಜಾಗದಲ್ಲಿತ್ತು. ಅದು ನಿಂತು ಎರಡು ತಿಂಗಳಾಗಿತ್ತು. ಅದನ್ನು ಚಾಲೂ ಮಾಡಿದರೆ ಟ್ಯಾಂಕರ್ ಬೇಕಿಲ್ಲ, ತಪಾಸಣಾ ಕಟ್ಟೆಯ ತಂಟೆಯೂ ಇಲ್ಲ. ಆದರೆ ಅಲ್ಲಿಗೆ ಹೋಗುವುದು ಹೇಗೆ?

ನಾನು ಎರಡೂ ಕಡೆಯವರ ಬಳಿ ಹೋದೆ. ಒಬ್ಬನೇ ಅಲ್ಲ, ಇಂಥ ಮಾತುಕತೆಯೇ ಕೆಲಸವಾಗಿರುವ ನಮ್ಮ ತಂಡದ ಹಿರಿಯರೊಬ್ಬರ ಜೊತೆ. ಐದು ವಾರ ಹಿಡಿಯಿತು. ಬ್ಯಾಗಿನಲ್ಲಿ ಸ್ಥಳೀಯ ಭಾಷೆಗೆ ಅನುವಾದ ಮಾಡಿದ ಒಂದು ಹಾಳೆ ಇರುತ್ತಿತ್ತು. ಯುದ್ಧದ ನಿಯಮಗಳನ್ನು ಹೇಳುವ 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಎರಡು ಪ್ರೋಟೊಕಾಲ್‌ಗಳ, ಅಂದರೆ ಪೂರಕ ಒಪ್ಪಂದಗಳ, ಮಾತು. ದೇಶ ದೇಶಗಳ ನಡುವಿನ ಯುದ್ಧಕ್ಕೆ ಮೊದಲನೆಯದರ 54ನೇ ವಿಧಿ, ದೇಶದೊಳಗಿನ ಯುದ್ಧಕ್ಕೆ ಎರಡನೆಯದರ 14ನೇ ವಿಧಿ. ಎರಡರಲ್ಲೂ ಕುಡಿಯುವ ನೀರಿನ ವ್ಯವಸ್ಥೆಯನ್ನು ಹೆಸರು ಹೇಳಿಯೇ ಬರೆದಿದ್ದಾರೆ. ಜನರನ್ನು ಉಪವಾಸ ಕೆಡವುವುದಕ್ಕಾಗಿ ಅದನ್ನು ಹೊಡೆಯುವಂತಿಲ್ಲ, ಕೆಡಿಸುವಂತಿಲ್ಲ, ಕೆಲಸಕ್ಕೆ ಬಾರದಂತೆ ಮಾಡುವಂತಿಲ್ಲ.

ಕಾನೂನಿನ ಹಾಳೆ ಬಾಗಿಲು ತೆರೆಯುತ್ತದೆ. ಒಳಗೆ ಕೂತ ಮೇಲೆ ಬೇರೆ ಮಾತು ಬೇಕಾಗುತ್ತದೆ. ಒಬ್ಬ ಕಮಾಂಡರ್ ನೇರವಾಗಿ ಕೇಳಿದರು: "ಆ ನೀರು ಅವರಿಗೂ ಹೋಗುತ್ತದೆ. ನಾನು ಯಾಕೆ ಒಪ್ಪಲಿ?" ನಾವು ಪೈಪ್‌ಲೈನ್ ನಕ್ಷೆ ಬಿಚ್ಚಿಟ್ಟೆವು. ಅದೇ ಪೈಪು ಅವರ ಹಿಡಿತದಲ್ಲಿದ್ದ ನಾಲ್ಕು ಹಳ್ಳಿಗೂ ಹೋಗುತ್ತಿತ್ತು. ಅವುಗಳಲ್ಲಿ ಒಂದು ಅವರ ಹುಡುಗರದ್ದೇ ಊರು. ನದಿ ನೀರು ಕುಡಿದು ಆ ಊರಿನಲ್ಲೂ ಮಕ್ಕಳು ಮಲಗಿದ್ದರು. ಎದುರಿನ ಕಡೆಯವರಿಗೂ ಅದೇ ನಕ್ಷೆ, ಅದೇ ಮಾತು. ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ಒಂದಕ್ಷರ ಬದಲಿಸಿ ಹೇಳಿದರೂ ಮುಗಿಯಿತು. ನೀವು ಯಾರ ಕಡೆ ಅಂತ ಎಲ್ಲರೂ ಕೇಳುತ್ತಾರೆ. ಶಿಬಿರದ ಜನ ಕೂಡ ಸಿಟ್ಟಿನಿಂದ ಕೇಳಿದ್ದಾರೆ, ನಮ್ಮ ಮನೆ ಸುಟ್ಟವರ ಜೊತೆ ಕೂತು ಮಾತಾಡಿ ಬರುತ್ತೀರಲ್ಲ ಅಂತ. ಆ ಸಿಟ್ಟು ನ್ಯಾಯವಾದದ್ದು. ಆದರೂ ನಾನು ಕೂತು ಮಾತಾಡದಿದ್ದರೆ ಆ ಪಂಪಿನ ಬಳಿ ಹೋಗಲು ಬೇರೆ ದಾರಿ ಇರಲಿಲ್ಲ.

ಇದಕ್ಕಾಗಿಯೇ ನಾವು ಕೆಲವು ವಿಷಯಗಳಲ್ಲಿ ತುಂಬಾ ಬಿಗಿಯಾಗಿ ಇರುತ್ತೇವೆ. ನಮ್ಮ ಗಾಡಿಯಲ್ಲಿ ಬಂದೂಕು ಇಟ್ಟುಕೊಂಡವರನ್ನು ಹತ್ತಿಸುವುದಿಲ್ಲ, ದಾರಿ ಎಷ್ಟೇ ಚಿಕ್ಕದಿರಲಿ. ಸೈನಿಕರ ಲಾರಿ ನಮ್ಮ ಟ್ಯಾಂಕಿನ ಬಳಿ ನೀರು ತುಂಬಿಸಲು ಬಂದಾಗ ಗೇಟು ತೆಗೆಯಲಿಲ್ಲ. ಆ ದಿನ ಕಾಲು ನಡುಗುತ್ತಿತ್ತು. ಆದರೂ ಬಂದ ಹುಡುಗನಿಗೆ ಮೆಲ್ಲಗೆ ಹೇಳಿದೆ, ಗಾಯವಾದರೆ ದವಾಖಾನೆಗೆ ಬನ್ನಿ, ಬಂದೂಕು ಹೊರಗಿಟ್ಟು ಬನ್ನಿ, ಯಾವ ಕಡೆಯವರಾದರೂ ನೋಡುತ್ತಾರೆ ಅಂತ. ಹೋದರು.

ಪಂಪ್‌ಹೌಸ್‌ಗೆ ಹೋಗುವ ದಿನ ಎರಡೂ ಕಡೆಗೆ ಮೊದಲೇ ಬರೆದು ಕೊಟ್ಟಿದ್ದೆವು. ಎಷ್ಟು ಜನ, ಯಾರ್ಯಾರು, ಗಾಡಿಯ ನಂಬರ್, ಯಾವ ದಾರಿ, ಎಷ್ಟು ಗಂಟೆಗೆ ಒಳಗೆ, ಎಷ್ಟು ಗಂಟೆಗೆ ಹೊರಗೆ. ನಾಲ್ಕು ಗಂಟೆ ಹೊತ್ತು ಗುಂಡು ನಿಲ್ಲಿಸುವ ಮಾತಾಗಿತ್ತು. ಮೊದಲ ಸಲ ಅರ್ಧ ದಾರಿಯಲ್ಲೇ ಎಲ್ಲೋ ಮೋರ್ಟಾರ್ ಬಿತ್ತು. ತಿರುಗಿ ಬಂದೆವು. ಇಂಥ ಕಡೆ ಧೈರ್ಯ ತೋರಿಸಬಾರದು. ಯುಕ್ರೇನಿನ ಪೂರ್ವದಲ್ಲಿ ದೊನೆತ್ಸ್ಕ್ ನೀರು ಶುದ್ಧೀಕರಣ ಘಟಕ ವರ್ಷಗಟ್ಟಲೆ ಹೀಗೇ ಎರಡು ಪಡೆಗಳ ನಡುವೆ ಇತ್ತು. ಎರಡೂ ಬದಿಯ ಲಕ್ಷಾಂತರ ಜನಕ್ಕೆ ನೀರು ಕೊಡುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಕೆಲಸಗಾರರ ಬಸ್ಸಿನ ಮೇಲೆ ಗುಂಡು ಹಾರಿ ಐದು ಜನ ಗಾಯಗೊಂಡರು. ಅವರೆಲ್ಲ ಪಾಳಿ ಮುಗಿಸಿ ಮನೆಗೆ ಹೊರಟವರು.

ಎರಡನೇ ಸಲ ತಲುಪಿದೆವು. ನಮ್ಮ ಜೊತೆ ಆ ಪಂಪ್‌ಹೌಸ್‌ನ ಹಳೆಯ ಆಪರೇಟರ್ ಬಂದಿದ್ದರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಲ್ಲೇ ಕೆಲಸ ಮಾಡಿದವರು. ನನ್ನ ಕೈಯಲ್ಲಿ ನಕ್ಷೆ ಇತ್ತು, ಅವರಿಗೆ ಅದರ ಅಗತ್ಯ ಇರಲಿಲ್ಲ. ಪ್ಯಾನೆಲ್ ಬೋರ್ಡಿಗೆ ಶೆಲ್ಲಿನ ಚೂರು ತಗುಲಿ ಸುಟ್ಟಿತ್ತು. ಮೂರು ಪಂಪಿನಲ್ಲಿ ಎರಡು ಹೋಗಿದ್ದವು. ನಾನು ಮೂರನೆಯದರ ಮುಂದೆ ಕೂತು ಅಳತೆ ನೋಡುತ್ತಿದ್ದಾಗ ಅವರು ಹಿಂದಿನ ಕೋಣೆಗೆ ಹೋಗಿ, ಗೋಡೆಯೊಳಗಿನ ಗೂಡಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹೊಸ ಕಾಂಟ್ಯಾಕ್ಟರ್, ಅಂದರೆ ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್, ತಂದರು. ಓಡುವ ಮೊದಲು ಬಚ್ಚಿಟ್ಟಿದ್ದರಂತೆ. ಮತ್ತೆ ಬರುತ್ತೇನೆ ಅಂತ ಗೊತ್ತಿತ್ತು, ಅಂದರು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪಂಪ್ ತಿರುಗಿತು. ಜನರೇಟರಿಗೆ ಡೀಸೆಲ್ ಹಾಕಿ, ಹೊರಗಿನ ಒಂದು ಸೋರುವ ಜಾಯಿಂಟಿಗೆ ಕ್ಲ್ಯಾಂಪ್ ಬಿಗಿದು ಹೊರಟೆವು. ಅವರು ಅಲ್ಲೇ ಉಳಿದರು. ಎರಡೂ ಕಡೆ ಒಪ್ಪಿದ ಒಪ್ಪಂದದಲ್ಲಿ, ದಿನಾ ಬೆಳಗ್ಗೆ ಸಂಜೆ ಪಂಪ್ ನಡೆಸಲು ಅವರು ಮತ್ತು ಅವರ ಸಹಾಯಕ ಇರಬಹುದು ಅಂತ ಇತ್ತು.

ಇಂಥವರ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಕಡಿಮೆ. 2024ರಲ್ಲಿ ಜಗತ್ತಿನಾದ್ಯಂತ ನೆರವಿನ ಕೆಲಸದಲ್ಲಿದ್ದ 383 ಜನ ಕೊಲ್ಲಲ್ಪಟ್ಟರು ಎಂದು ವಿಶ್ವಸಂಸ್ಥೆ ಹೇಳಿದೆ. ಬಹುಪಾಲು ಜನ ಅದೇ ದೇಶದವರು. ನನ್ನಂಥವನು ಕೆಲಸ ಮುಗಿಸಿ ವಿಮಾನ ಹತ್ತುತ್ತಾನೆ. ಆಪರೇಟರ್, ಟ್ಯಾಂಕರ್ ಚಾಲಕ, ಆ ಎಂಟು ಜನ ಹೆಂಗಸರು ಅಲ್ಲೇ ಇರುತ್ತಾರೆ. ಅವರಿಗೆ ವಿಮೆ ಇದೆಯಾ, ಅಪಾಯ ಬಂದಾಗ ಅವರನ್ನು ಕರೆದೊಯ್ಯಲು ಗಾಡಿ ಇದೆಯಾ ಅಂತ ನಾನು ಈಗ ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳುತ್ತೇನೆ.

ಪೈಪ್‌ಲೈನಿನಿಂದ ಶಿಬಿರದ ಟ್ಯಾಂಕಿಗೆ ಒಂದೂವರೆ ಕಿಲೋಮೀಟರ್ ಪೈಪ್ ಹೂಳಲು ಆರು ದಿನ ಬೇಕಾಯಿತು. ಅಗೆಯುವ ಕೂಲಿಯನ್ನು ಶಿಬಿರದವರಿಗೇ ಕೊಟ್ಟೆವು. ನೀರಿನ ಹೊತ್ತನ್ನು ನಾಲ್ಕೂ ಕಟ್ಟೆಯ ಬಳಿ ದೊಡ್ಡದಾಗಿ ಬರೆಸಿದೆವು. ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ಬರೆದ ಹೊತ್ತು ತಪ್ಪಬಾರದು ಅಂತ ಟ್ಯಾಂಕಿನಲ್ಲಿ ಯಾವಾಗಲೂ ಒಂದು ದಿನದ ನೀರು ಉಳಿಸಿಕೊಂಡೇ ಬಿಡುತ್ತಿದ್ದೆವು. ಪಂಪ್ ಎರಡು ಸಲ ನಿಂತಿತು. ಒಮ್ಮೆ ಡೀಸೆಲ್ ಬರಲಿಲ್ಲ, ಇನ್ನೊಮ್ಮೆ ಗುಂಡಿನ ಸದ್ದು ಜೋರಾಗಿ ಆಪರೇಟರ್ ನೆಲಮಾಳಿಗೆಯಲ್ಲಿ ಕೂತರು. ಎರಡೂ ದಿನ ನಲ್ಲಿಯಲ್ಲಿ ಆರು ಗಂಟೆಗೆ ಸರಿಯಾಗಿ ನೀರು ಬಂತು, ಉಳಿಸಿಟ್ಟದ್ದರಿಂದ.

ಎಂಟು ಜನ ಹೆಂಗಸರು ವಾರಕ್ಕೊಮ್ಮೆ ಅದೇ ಎರಡು ಪ್ರಶ್ನೆ ಹಿಡಿದು ಗುಡಾರಗಳಿಗೆ ಹೋಗುತ್ತಿದ್ದರು. ಮೊದಲ ವಾರ ಏನೂ ಬದಲಾಗಲಿಲ್ಲ. ಕ್ಯಾನ್‌ಗಳು ಹಾಗೇ ಸಾಲಾಗಿ ಇದ್ದವು. ಎರಡನೇ ವಾರ ಮೂರು ದಿನದ ನೀರು ಎರಡು ದಿನದ್ದಾಯಿತು. ನಾಲ್ಕನೇ ವಾರ ಅವರು ತಂದ ಹಾಳೆಯಲ್ಲಿ, 40 ಗುಡಾರಗಳಲ್ಲಿ 29ರಲ್ಲಿ 0.2 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಉಳಿದ 11ರಲ್ಲಿ ಯಾರಿದ್ದಾರೆ ಅಂತ ಪಾಠ ಮಾಡುತ್ತಿದ್ದವರು ಆಗಲೇ ಗುರುತು ಹಾಕಿದ್ದರು. ಏಳು ಗುಡಾರ ನಡೆಯಲಾಗದ ಮುದುಕರದ್ದು, ಎರಡು ಗಂಡ ಇಲ್ಲದ ಬಾಣಂತಿಯರದ್ದು, ಎರಡರಲ್ಲಿ ಕಾಲು ಕಳೆದುಕೊಂಡವರು. ನೀರು ಹೊರಲು ಆಗದವರು ಅಕ್ಕಪಕ್ಕದವರು ತಂದುಕೊಟ್ಟಾಗ ತುಂಬಿಸಿಕೊಂಡು ದಿನಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ದಿನಾ ಮನೆಬಾಗಿಲಿಗೆ ನೀರು ಮುಟ್ಟಿಸಲು ಇಬ್ಬರು ಹುಡುಗರನ್ನು ಕೂಲಿಗೆ ಇಟ್ಟೆವು. ಮೊದಲ ದಿನ ನನ್ನ ಜೊತೆ ಗುಡಾರ ಎಣಿಸಿದ್ದ ಹುಡುಗರೇ.

ನಾನು ಹೊರಡುವ ವಾರ ಎರಡನೇ ಸಾಲಿನ ಅಜ್ಜಿಯ ಕಡೆ ಹೋದೆ. ಬಾಗಿಲ ಬಳಿ ಮುಚ್ಚಳ ಹಾಕಿದ ಬಕೆಟ್ ಇತ್ತು. ಐದು ಕ್ಯಾನ್‌ಗಳಲ್ಲಿ ಎರಡು ಖಾಲಿ, ಬಾಯಿ ಕೆಳಗೆ ಮಾಡಿ ಒಣಗಲು ಇಟ್ಟಿದ್ದರು. ಒಂದರಲ್ಲಿದ್ದ ಹಳೆಯ ನೀರನ್ನು ಚಿಕ್ಕ ಮೊಮ್ಮಗಳ ತಲೆಗೆ ಸುರಿದು ಸ್ನಾನ ಮಾಡಿಸುತ್ತಿದ್ದರು. ಹುಡುಗಿ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದಳು.

"ನಾಳೆ ಬರುತ್ತೆ ತಾನೇ?" ಅಂತ ಅಜ್ಜಿ ಕೇಳಿದರು.

"ಆರು ಗಂಟೆಗೆ ಅಜ್ಜಿ," ಅಂದೆ.

ಅವರು ಕ್ಯಾನ್ ಬಗ್ಗಿಸಿ ಕೊನೆಯ ನೀರನ್ನೂ ಸುರಿದರು.